ಆರು ಎಂ.ಎಂ. ಗುಂಡುತಲೆ

ದಿಬ್ಬೂರಹಳ್ಳಿ ರಸ್ತೆಯ ತಗಡು ಶೆಡ್ಡಿನಲ್ಲಿ
ಬೆಳಗಿನ ಐದಕ್ಕೇ ಬಾಯ್ಲರ್ ಕೆಮ್ಮುತ್ತದೆ.
ಬೆಂದ ಹುಳದ ವಾಸನೆಗೆ
ಮೊದಲ ವಾರ ಊಟ ಸೇರಲಿಲ್ಲ ನನಗೆ,
ಎರಡನೇ ವಾರ ವಾಸನೆಯೇ ಇರಲಿಲ್ಲ.

ಐಟಿಐ ಮುಗಿಸಿ ಎರಡು ತಿಂಗಳು.
ಕೈಯಲ್ಲಿ ಹೊಸ ಎಲೆನ್ ಕೀ ಸೆಟ್ಟು:
ಒಂದೂವರೆಯಿಂದ ಹತ್ತರವರೆಗೆ ಒಂಬತ್ತು,
ಉದ್ದ ತೋಳಿನ ತುದಿಗೆಲ್ಲ ಸಣ್ಣ ಕತ್ತು, ದುಂಡು ತಲೆ.
ದಸ್ತಗೀರ್ ಮೇಸ್ತ್ರಿ ತಿರುಗಿಸಿ ನೋಡಿದರು.
'ಇದೇನು ಗಂಗರತ್ನ,
ಕೀಗೂ ತುರುಬು ಕಟ್ಟಿಸ್ಕೊಂಡು ಬಂದಿದೀಯ?'
ಅವರ ಕೀಗಳು ಸೈಕಲ್ ಟ್ಯೂಬಿನ ರಬ್ಬರಲ್ಲಿ ಕಟ್ಟಿದ
ಒಂದು ಹಿಡಿ ಕಡ್ಡಿ, ಅಷ್ಟೇ.

ಅವತ್ತು ಮೂರನೇ ಬೇಸನ್ನಿನ ಗೇರ್‌ಬಾಕ್ಸು ಅಲುಗುತ್ತಿತ್ತು.
ನಾಲ್ಕು ಬೋಲ್ಟು. ಮೂರು ಎದುರಿಗೇ, ಸಲೀಸು.
ನಾಲ್ಕನೆಯದು ಹಬೆ ಪೈಪಿನ ಹಿಂದೆ
ಚೀಟಿ ಎತ್ತಿದವನ ಹಾಗೆ ಅವಿತಿತ್ತು.
ನೆಟ್ಟಗೆ ಹೋದ ಕೀಗೆ ಪೈಪು ಅಡ್ಡ.
ನನ್ನ ತುರುಬಿನದು ಓರೆಯಲ್ಲಿ ನುಸುಳಿ
ಆರು ಮೂಲೆಯ ಕುಳಿಯಲ್ಲಿ ಕೂತಿತು, ಹಾಯಾಗಿ.
ಎಳೆದೆ. ಬರಲಿಲ್ಲ.
ಹತ್ತು ವರ್ಷದ ಹಬೆ ಕುಡಿದು ಕಚ್ಚಿಕೊಂಡ ಬೋಲ್ಟು.
ಪೈಪಿನ ತುಂಡು ತೂರಿಸಿ ತೋಳು ಉದ್ದ ಮಾಡಿ
ಮೈಯೆಲ್ಲ ಹಾಕಿ ಎಳೆದೆ,
ಟಕ್.

ಸಡಿಲಾಯಿತೆಂದು ಹಿಗ್ಗಿದ ಆ ಅರೆಗಳಿಗೆ
ನೆನೆದರೆ ಈಗಲೂ ಕಿವಿ ಬಿಸಿ.
ಕೈಯಲ್ಲಿ ತಲೆಯಿಲ್ಲದ ಕೀ;
ತಲೆ ಬೋಲ್ಟಿನೊಳಗೆ,
ಗೂಡಲ್ಲಿ ಹುಳ ಕೂತ ಹಾಗೆ.

ಖೈರುನ್ನಿಸಾ ಬೇಸನ್ನಿನಿಂದ ಕೈ ತೆಗೆಯದೆ ಅಂದಳು:
'ಬೇಗ ನೋಡಿ, ಬೆಂದ ಗೂಡು ಕಾಯಲ್ಲ.'

ಮೇಸ್ತ್ರಿ ಬೈಯಲಿಲ್ಲ, ಅದೇ ಕಷ್ಟವಾಗಿದ್ದು.
ಪಂಚಿನಿಂದ ಎರಡು ಸಲ ಮೆಲ್ಲಗೆ ತಟ್ಟಿ,
ಹಳೇ ಸ್ಪೀಕರಿನ ಆಯಸ್ಕಾಂತದ ಚೂರನ್ನು ತಂತಿಗೆ ಕಟ್ಟಿ ಇಳಿಸಿ
ಮೀನು ಹಿಡಿದ ಹಾಗೆ ಎತ್ತಿದರು ಗುಂಡನ್ನು:
ಸಾಸಿವೆಗಿಂತ ದೊಡ್ಡದು, ಕಡಲೆಗಿಂತ ಚಿಕ್ಕದು.

'ಕತ್ತು ಸಣ್ಣಗಿರೋದು ಓರೆಯಾಗೋದಕ್ಕೆ ತಾಯಿ,
ಹೊರೆ ಹೊರೋದಕ್ಕಲ್ಲ.
ಮೊದಲ ಪಟ್ಟು ಮೋಟು ತೋಳಿಂದು,
ಕೊನೇ ಪಟ್ಟೂ ಅದರದ್ದೇ.
ನಡುವಿನ ದಾರಿ ಬೇಕಾದ್ರೆ ತುರುಬಿನೋಳು ನಡೀಲಿ.'

ಎಷ್ಟು ಓರೆ ಎಂದು ಕೇಳಿದೆ.
ಗೋಡೆಯ ಗಡಿಯಾರ ತೋರಿಸಿದರು:
ಹನ್ನೆರಡರಿಂದ ಒಂದಕ್ಕೆ. ಅದಕ್ಕೂ ಒಳಗಿದ್ದರೆ ಒಳ್ಳೇದು.
ಮುಂದೆ ಹೋದರೆ ಬೋಲ್ಟಿನ ಮೂಲೆ ತಿನ್ನುತ್ತದೆ,
ಆಮೇಲೆ ಯಾವ ಕೀಗೂ ಅದು ಬಾಗಿಲು ತೆರೆಯಲ್ಲ.

ಸೂಜಿಯಿಂದ ಕುಳಿಯ ಕೊಳೆ ಕೆರೆದೆ.
ಮೇಸ್ತ್ರಿಯ ಕಡ್ಡಿಯ ಮೋಟು ತುದಿ ತಳಮುಟ್ಟ ಇಟ್ಟೆ.
ತಿರುಗಲು ಅಂಗೈಯಗಲ ಜಾಗ:
ಒಂದು ಮೂಲೆ, ತೆಗಿ, ಇಡು, ಇನ್ನೊಂದು ಮೂಲೆ.
ಕಿರ್ರೆಂದು ಅತ್ತು ಬಿಟ್ಟಿತು ಬೋಲ್ಟು.
ಆಮೇಲೆ ಮೇಸ್ತ್ರಿ ತಾವೇ ಹೇಳಿದರು,
'ನಿಂದು ಐದರದ್ದು ಬೇಡ, ಆರರದ್ದು ಇನ್ನೊಂದು ಐತಾ?'
ಇರಲಿಲ್ಲ. ಎದುರು ಅಂಗಡಿಯಿಂದ ಸಾಲ ತಂದೆ.
ಎರಡೇ ಬೆರಳಲ್ಲಿ ಅದನ್ನು ತಿರುವುತ್ತ ಹೋದೆ,
ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತ ಬಂತು ಕಬ್ಬಿಣ.
ಪಕ್ಕದಲ್ಲಿ ಖೈರುನ್ನಿಸಾ
ಬಿಳಿಚಿದ ಬೆರಳಲ್ಲಿ ನೂಲಿನ ತುದಿ ಹುಡುಕಿ
ಬಿಚ್ಚುತ್ತಲೇ ಇದ್ದಳು, ನನ್ನತ್ತ ನೋಡದೆ.

ಬುಷ್ಷು ಬದಲಾಯಿಸಿ ಮತ್ತೆ ಕೂರಿಸಿದೆವು.
ಗುಂಡು ಓಡಿಸಿತು, ಮೋಟು ಬಿಗಿಸಿತು.

ಮುರಿದ ಗುಂಡನ್ನು ಬೇಸನ್ನಿನ ಕಟ್ಟೆ ಮೇಲಿಟ್ಟಿದ್ದೆ,
ಮನೆಗೊಯ್ಯಬೇಕೆಂದು.
ಸಂಜೆ ಹುಳ ಗುಡಿಸುವಾಗ ಅದೂ ಬುಟ್ಟಿಗೆ ಹೋಯಿತಂತೆ.
'ಒಳಗಿಂದ ಬಂದದ್ದೆಲ್ಲ ಹುಳಾನೇ ನಮಗೆ,' ಅಂದಳು ಖೈರುನ್ನಿಸಾ.
ಎಲ್ಲಿಯ ಕೋಳಿಗೆ ಕಲ್ಲಾಯಿತೋ.

ತಲೆ ಹೋದ ಕೀ ಇದೆ ನನ್ನ ಹತ್ತಿರ.
ಮೇಸ್ತ್ರಿ ಅದರ ತುದಿಯನ್ನು ಚಕ್ರಕ್ಕೆ ಹಿಡಿದು
ಕಿಡಿ ಹಾರಿಸಿ ಸಪಾಟು ಮಾಡಿಕೊಟ್ಟರು,
ನೀರಲ್ಲಿ ಅದ್ದಿ ಅದ್ದಿ, ಕಾಯದ ಹಾಗೆ.
ಎರಡೂ ತುದಿ ನೆಟ್ಟಗೆ ಈಗ.
ಸೆಟ್ಟಿನಲ್ಲಿ ಅದೊಂದೇ ಗಿಡ್ಡ,
ಜೇಬಿಗೆ ಕೈ ಹಾಕಿದರೆ ಮೊದಲು ಸಿಗುವುದೂ ಅದೇ.